ಮಾತು, ಮಾತ್ತು

ಗುಮ್ಮಳಾಪುರ
9 ಫೆಬ್ರವರಿ 2025

ತಿಲಕ,

ಅಕ್ಷರ ನೋಡಿ ನಗಬೇಡ. ಇದು ಎಡಗೈ. ದಿನಕ್ಕೊಂದು ಪುಟ ಎಡಗೈಯಲ್ಲಿ ಬರೆಯಬೇಕು ಅಂತ ಹೊಸೂರಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅ ಆ ಇ ಈ ತಿದ್ದಿದ್ದಾಯಿತು, ನೆನಪಿದ್ದ ಮಗ್ಗಿಯನ್ನೆಲ್ಲ ಬರೆದದ್ದಾಯಿತು. ನೀನಂತೂ ಫೋನ್ ಎತ್ತುತ್ತಿಲ್ಲ. ಹಾಗಾಗಿ ಇವತ್ತಿನ ಪುಟ ನಿನ್ನ ಪಾಲಿಗೆ ಬಿತ್ತು.

ಇಲ್ಲಿ ನಾನು, ಪದ್ಮಶ್ರೀ, ಅವ್ವ ಎಲ್ಲರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ಗೇಮ್ ಪೆಟ್ಟಿಗೆ ಮಾತ್ರ.

ನೀನು ಮಾಡಿಕೊಟ್ಟ ಕಂಟ್ರೋಲರ್ ನೆನಪಿದೆಯೋ, ಕೃಷ್ಣಗಿರಿಯ ನೀರು ಕುಡಿದು ಮರೆತೆಯೋ? ಮರೆತಿದ್ದರೆ ನೆನಪಿಸುತ್ತೇನೆ. ಪ್ರೆಸ್ ಮಿಷನ್ ನನ್ನ ಬಲಗೈಯ ನಾಲ್ಕು ಬೆರಳು ತಿಂದು ಹೆಬ್ಬೆರಳೊಂದನ್ನು ಬಿಟ್ಟಾಗ ಬಂದವರೆಲ್ಲ ಹಣ್ಣು ತಂದರು. ನೀನು ಹಣ್ಣು ತರಲಿಲ್ಲ. ಹಿಂದಿನ ದೀಪಾವಳಿಗೆ ನಾನು ಬೋನಸ್ಸಿನಲ್ಲಿ ಕೊಂಡಿದ್ದ ಗೇಮ್ ಪೆಟ್ಟಿಗೆ ಮೂಲೆಯಲ್ಲಿ ಧೂಳು ಹಿಡಿದಿತ್ತು. ಅದರ ಕಂಟ್ರೋಲರನ್ನು ಎತ್ತಿಕೊಂಡು ಹೋದೆ. ವಾಪಸ್ ತಂದಾಗ ಅದು ಚಪಾತಿ ಮಣೆಯಷ್ಟು ಅಗಲವಾಗಿತ್ತು. ಒಳಗೆ ಬೇರೆ ಬೋರ್ಡು, ಮೇಲೆ ಅಂಗೈಯಲ್ಲಿ ಒತ್ತಲು ಮೊಪೆಡ್ಡಿನ ಹಾರ್ನ್ ಗುಂಡಿಗಳು, ಕೆಳಗೆ ಅವ್ವನ ಹೊಲಿಗೆ ಮಿಷನ್ನಿನ ಮೋಟಾರಿಗಿದ್ದ ಪೆಡಲು. ಕಾಲಲ್ಲಿ ಪೆಡಲ್ ಒತ್ತಿದರೆ ಪರದೆಯ ಮೇಲಿನ ಬೌಲರ್ ಓಡಿಬರುತ್ತಿದ್ದ. ಗುಂಡಿ ಒತ್ತಿದರೆ ಬಾಲ್ ಬಿಡುತ್ತಿದ್ದ.

ತಳಿ ಊರಿನ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಬಹುಮಾನದ ಕುರಿ ಗೆದ್ದ ಟೀಮಿಗೆ ನಾನು ಬೌಲರ್, ನೀನು ಕೀಪರ್. ಕೈ ಹೋದ ಮೇಲೆ ನಾನು ಮತ್ತೆ ಬೌಲ್ ಮಾಡಿದ್ದು ಆ ಮಣೆಯ ಮೇಲೆ ಮಾತ್ರ. ನೀನು ಅಲ್ಲಿ ಕೂತು, ನಾನು ಇಲ್ಲಿ ಕೂತು, ಭಾನುವಾರ ಭಾನುವಾರ ಒಂದೇ ಟೀಮಿನಲ್ಲಿ ಆಡಿದೆವು. ಆ ಹೊತ್ತಿನಲ್ಲಿ ನನಗೆ ಕೈಯ ನೆನಪೇ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಪೆಟ್ಟಿಗೆ ನನ್ನನ್ನು ಕೇಳದೆ ಏನೋ ಹೊಸದನ್ನು ಇಳಿಸಿಕೊಂಡಿತು. ಬೆಳಗ್ಗೆ ನೋಡಿದರೆ ಪರದೆಯ ಮೇಲೆ ‘ಈ ಸಾಧನ ಅಧಿಕೃತವಲ್ಲ’. ಹೆಲ್ಪ್‌ಲೈನಿಗೆ ಎರಡು ಸಲ ಫೋನ್ ಮಾಡಿದೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ಬೈದೆ, ಇಟ್ಟುಬಿಟ್ಟರು. ಆಮೇಲೆ ಪದ್ಮಶ್ರೀ ಸಮಾಧಾನವಾಗಿ ಮಾತಾಡಿದಳು. ಅವಳು ಮಾತಾಡಿದ ಮಾರನೆಯ ದಿನ ಕಂಟ್ರೋಲರ್ ಇರಲಿ, ಇಡೀ ಪೆಟ್ಟಿಗೆಯೇ ಮುಚ್ಚಿಕೊಂಡಿತು. ‘ಖಾತೆ ಶಾಶ್ವತವಾಗಿ ಸ್ಥಗಿತ’ ಅಂತೆ. ನಾನು ದುಡಿದು ತಂದ ಪೆಟ್ಟಿಗೆ, ನನ್ನ ಮನೆಯ ಕರೆಂಟು, ನನ್ನ ಟಿವಿ. ಬಾಗಿಲು ಮಾತ್ರ ಅವರದು.

ಅವ್ವ ದಿನಾ ಕೇಳುತ್ತಾಳೆ: “ಅದ್ಯಾಕ್ಲಾ ಆ ಪೆಟ್ಟಿಗೆ ಹಂಗೆ ಮುನಿಸ್ಕೊಂಡೈತೆ? ನೀನೇನಾದ್ರೂ ಅಂದ್ಯಾ?”

ಈಗ ನೀನು ಅದೇ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದೀಯ. ನನ್ನ ಹೆಸರಿನ ಮುಂದೆ ಏನು ಬರೆದಿದ್ದಾರೆ, ನೋಡಿ ಹೇಳು. ಅಷ್ಟೇ ಕೇಳುವುದು.

ಇಂತಿ,
ಭಾನುವಾರ ಸುಮ್ಮನೆ ಕೂತಿರುವ
ವೇಣು


ಕೃಷ್ಣಗಿರಿ
24 ಫೆಬ್ರವರಿ 2025

ವೇಣು,

ಪತ್ರ ಬಂತು. ಅಕ್ಷರ ನೋಡಿ ನಗಲಿಲ್ಲ. ನಿನ್ನ ಬಲಗೈ ಅಕ್ಷರಕ್ಕಿಂತ ಚೆನ್ನಾಗಿಯೇ ಇದೆ.

ಫೋನ್ ಎತ್ತದಿದ್ದಕ್ಕೆ ಸಿಟ್ಟಾಗಬೇಡ. ಇಲ್ಲಿ ನಮಗೆ ಕೊಟ್ಟಿರುವುದು ಕಂಪನಿ ಫೋನು, ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಮನೆಯ ಫೋನಿನಲ್ಲಿ ಮಾಡೋಣವೆಂದರೆ ನೀನು ‘ಹಲೋ’ ಅನ್ನುವುದಕ್ಕೆ ಮುಂಚೆಯೇ ಕಂಟ್ರೋಲರಿನ ಸುದ್ದಿ ತೆಗೆಯುತ್ತೀಯ, ನನಗೆ ಏನು ಹೇಳಬೇಕೋ ತೋಚುವುದಿಲ್ಲ. ಕಾಗದವೇ ವಾಸಿ.

ನಿನ್ನ ದಾಖಲೆ ನೋಡಿದೆ. ನೋಡಿ ನನಗೇ ನಿನ್ನ ಮೇಲೆ ಸಿಟ್ಟು ಬಂತು. ಅದರಲ್ಲಿ ಹೀಗಿದೆ: ‘ಕನ್ಸೋಲನ್ನು ಮೂರು ಬಾರಿ ಮಾರ್ಪಾಡು ಮಾಡಿರುವುದಾಗಿ ಗ್ರಾಹಕರ ಕಡೆಯವರು ಒಪ್ಪಿಕೊಂಡಿದ್ದಾರೆ. ಮೊದಲು ಪತಿ, ನಂತರ ಪತ್ನಿ.’ ನಾನು ಮುಟ್ಟಿದ್ದು ಕಂಟ್ರೋಲರ್ ಒಂದನ್ನೇ. ಪೆಟ್ಟಿಗೆಯ ಒಂದು ಸ್ಕ್ರೂ ಕೂಡ ತಿರುಗಿಸಿಲ್ಲ. ಮತ್ತೆ ಈ ಮೂರು ಸಲ ಅಂದರೆ ಯಾವುದು? ಪದ್ಮಶ್ರೀ ಯಾಕೆ ಒಪ್ಪಿಕೊಂಡಳು?

ಕಂಪನಿಯವರಿಗೂ ಅವರದೇ ಕಾರಣ ಇದೆ. ಹೊರಗಿನ ಬೋರ್ಡು ಹಾಕಿ ಮೋಸದಲ್ಲಿ ಆಡುವವರಿದ್ದಾರೆ. ಪೆಟ್ಟಿಗೆ ಬಿಚ್ಚಿ ಕಳ್ಳ ಆಟ ತುಂಬಿಸಿ ಮಾರುವವರೂ ಇದ್ದಾರೆ. ಅಂಥವರಿಗೆ ಹಾಕಿದ ಬೀಗಕ್ಕೆ ನೀನೂ ಸಿಕ್ಕಿಕೊಂಡೆ. ಅಂಗವಿಕಲರಿಗೆ ಅಂತ ಕಂಪನಿಯೇ ಮಾಡಿರುವ ಕಂಟ್ರೋಲರ್ ಒಂದಿದೆಯಂತೆ, ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲ. ಬಂದಾಗ ತಿಳಿಸುತ್ತೇನೆ. ಅಲ್ಲಿಯವರೆಗೆ ಬಿಟ್ಟುಬಿಡು. ಆಟ ತಾನೇ?

ನಿನ್ನ,
ತಿಲಕ್


ಗುಮ್ಮಳಾಪುರ
6 ಮಾರ್ಚ್ 2025

ತಿಲಕ,

‘ಆಟ ತಾನೇ’ ಅಂದೆಯಲ್ಲ, ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ. ಮೊದಲು ಆ ಮೂರು ಸಲದ ಕಥೆ ಕೇಳು.

ನಿನ್ನ ಕಾಗದ ಓದಿದವನೇ ಪದ್ಮಶ್ರೀಯನ್ನು ಕೂರಿಸಿ ಕೇಳಿದೆ. ಅವಳು ಹೊಸದುರ್ಗದ ಕಡೆಯವಳು, ಮದುವೆಯಾಗಿ ಈ ತಮಿಳುನಾಡಿನ ಗಡಿಗೆ ಬಂದು ಎರಡು ವರ್ಷ. ಅವಳ ತಮಿಳು ಸಂತೆಯ ತಮಿಳು. ಎವ್ವಳವು, ವೇಣಾಂ, ಆಮಾ; ಎಷ್ಟು, ಬೇಡ, ಹೌದು. ಅಷ್ಟರಲ್ಲೇ ಹೊಸೂರನ್ನೆಲ್ಲ ಸುತ್ತಿ ಬರುತ್ತಾಳೆ. ಹೆಲ್ಪ್‌ಲೈನಿನಲ್ಲಿ ಕನ್ನಡ ಇಲ್ಲ, ಎರಡು ಒತ್ತಿದರೆ ತಮಿಳು. ಅವಳು ಎರಡು ಒತ್ತಿದಳು. ಆ ಕಡೆಯವನು ಕೇಳಿದನಂತೆ, “ಕನ್ಸೋಲ್ ಮಾತ್ತುನೀಂಗಳಾ?”

ನಿನಗೂ ನನಗೂ ಇದು ಹುಟ್ಟಿದಾಗಿನಿಂದ ಗೊತ್ತು. ತಮಿಳಿನಲ್ಲಿ ಮಾತ್ತು ಅಂದರೆ ಬದಲಾಯಿಸು. ತಳಿಯಲ್ಲಿ ಬಸ್ಸು ಮಾತ್ತಿ ಬಾ ಅಂತ ನಾವು ಕನ್ನಡದಲ್ಲೇ ಅನ್ನುತ್ತೇವೆ. ಅವಳಿಗೆ ಕೇಳಿಸಿದ್ದು ಮಾತು. “ಪಾಪ, ನನ್ನ ತಮಿಳು ಕೇಳಿ ಅಯ್ಯೋ ಅನ್ನಿಸಿ ಕನ್ನಡ ಆಡೋಕೆ ನೋಡ್ತಾ ಇದಾನೆ ಅಂದ್ಕೊಂಡೆ ಕಣ್ರೀ. ಇದರ ಬಗ್ಗೆ ಮೊದಲೇ ಮಾತಾಡಿದ್ರಾ ಅಂತ ಕೇಳ್ತಾವ್ನೆ ಅಂತ ‘ಆಮಾ ಆಮಾ, ಮೂಣು ತಡವೆ’ ಅಂದೆ” ಅಂದಳು. ಅದೂ ಸೇರಿ ಮೂರು ಸಲ ಫೋನ್ ಮಾಡಿದ್ದೆವಲ್ಲ, ಅದಕ್ಕೆ. “ಯಾರು ಮಾತ್ತುನಾಂಗ?” ಅಂತ ಕೇಳಿದನಂತೆ. “ಮೊದಲ್ ಅವರು, ಅಪ್ಪುರಂ ನಾನ್” ಅಂದಳಂತೆ. ಬೈದವನು ನಾನು, ಸಮಾಧಾನ ಮಾಡಿದವಳು ಅವಳು ಅಂತ ಲೆಕ್ಕ. ಅವನು ಬಹಳ ಮರ್ಯಾದೆಯಿಂದ “ನನ್ರಿ” ಅಂತ ಥ್ಯಾಂಕ್ಸ್ ಹೇಳಿ ಇಟ್ಟನಂತೆ.

ನಾನು ನಕ್ಕೆ. ಅವ್ವನೂ ನಕ್ಕಳು. ಪದ್ಮಶ್ರೀ ನಗಲಿಲ್ಲ. ಆವತ್ತಿನಿಂದ ಅವಳು ಊರಿನಲ್ಲಿ ತಮಿಳಿಗೆ ಬಾಯಿ ತೆರೆಯುತ್ತಿಲ್ಲ, ಸಂತೆಯಲ್ಲಿ ಬೆರಳು ತೋರಿಸಿ ತರಕಾರಿ ತರುತ್ತಾಳೆ.

ಈಗ ನಿನ್ನ ‘ಆಟ ತಾನೇ’ಗೆ ಬರೋಣ. ಸರಿ, ಪೆಟ್ಟಿಗೆಯನ್ನು ಮಾತ್ತಿಲ್ಲ. ಕಂಟ್ರೋಲರನ್ನು ಮಾತ್ತಿದ್ದೇನೆ, ಇಲ್ಲ ಅನ್ನುವುದಿಲ್ಲ. ನಾನು ಕೊಂಡದ್ದನ್ನು ನನ್ನ ಕೈಗೆ ಒಗ್ಗುವಂತೆ ಮಾತ್ತಿದರೆ ಅವರಿಗೇನು ಹೊಟ್ಟೆನೋವು? ನಮ್ಮೂರಿನವರು ಮೊಪೆಡ್ಡಿಗೆ ಕಂಬಿ ಬೆಸೆಸಿಕೊಂಡು ಗುಲಾಬಿ ಮೂಟೆ ಹೇರಿ ಹೊಸೂರಿಗೆ ಹೋಗುತ್ತಾರೆ. ಮೊಪೆಡ್ ಮಾಡಿದವರು ಬಂದು ದಾರಿಯಲ್ಲಿ ಕೀ ಕಿತ್ತುಕೊಂಡರಾ? ಮಾರಿದ ಮೇಲೆ ಅದು ನನ್ನದಾ ಅವರದಾ, ಅದನ್ನೊಂದು ಬಾಯಿಬಿಟ್ಟು ಹೇಳಲಿ.

ಇನ್ನೊಂದು ಕೇಳು. ನನ್ನ ಬೆರಳು ತಿಂದ ಪ್ರೆಸ್ಸಿಗೆ ಒಂದು ಕಣ್ಣಿತ್ತು. ಕೈ ಅಡ್ಡ ಬಂದರೆ ತಾನೇ ನಿಲ್ಲಬೇಕು. ಪದೇ ಪದೇ ನಿಂತು ಕೆಲಸ ತಡವಾಗುತ್ತದೆ ಅಂತ ಸೂಪರ್‌ವೈಸರ್ ಆ ಕಣ್ಣನ್ನು ಕಟ್ಟಿ ಓಡಿಸುತ್ತಿದ್ದ. ಅದೂ ಮಾತ್ತಿದ್ದೇ ತಾನೇ? ಅದಕ್ಕೆ ಯಾರ ಖಾತೆ ಶಾಶ್ವತವಾಗಿ ಸ್ಥಗಿತವಾಯಿತು? ಆ ಪ್ರೆಸ್ಸು ಇವತ್ತಿಗೂ ಓಡುತ್ತಿದೆ.

ನೀನು ಮಾಡಬೇಕಾದ್ದು ಇಷ್ಟೇ. ದಾಖಲೆಯ ಕೆಳಗೆ ಒಂದು ಸಾಲು ಬರೆ. ಆಕೆ ಹೇಳಿದ್ದು ಮಾತು, ಮಾತ್ತು ಅಲ್ಲ. ಎರಡು ಭಾಷೆ ಬಲ್ಲವನು ಅಲ್ಲಿ ನೀನೊಬ್ಬನೇ.

ವೇಣು


ಕೃಷ್ಣಗಿರಿ
21 ಮಾರ್ಚ್ 2025

ವೇಣು,

ಒಂದು ಸಾಲು ಅನ್ನುತ್ತೀಯ. ಆ ಒಂದು ಸಾಲು ಬರೆದರೆ ಏನಾಗುತ್ತದೆ ಕೇಳು. ಆಕ್ಷೇಪಣೆ ಬಂದಿದೆ ಅಂತ ಪೆಟ್ಟಿಗೆಯನ್ನೂ ಕಂಟ್ರೋಲರನ್ನೂ ಇಲ್ಲಿಗೆ ತರಿಸುತ್ತಾರೆ. ಇದೇ ಮೇಜಿನ ಮೇಲೆ ಬಿಚ್ಚುತ್ತಾರೆ. ನನ್ನ ಬೆಸುಗೆ ನಮ್ಮ ಮ್ಯಾನೇಜರಿಗೆ ಗೊತ್ತು. ದಿನಾ ನೋಡುತ್ತಾರಲ್ಲ, ನಾನು ವೈರನ್ನು ಯಾವ ಕಡೆಗೆ ಸುತ್ತುತ್ತೇನೆ ಅನ್ನುವುದು ಕೂಡ ಗೊತ್ತು. ಕಂಪನಿಯ ವಸ್ತುವಿಗೆ ಹೊರಗಿನ ಬೋರ್ಡು ಹಾಕಿದವನಿಗೆ ಇಲ್ಲಿ ಕೆಲಸ ಇರುವುದಿಲ್ಲ. ಸೇರುವಾಗಲೇ ಬರೆಸಿಕೊಂಡಿದ್ದಾರೆ.

ಸೂಳಗಿರಿಯಲ್ಲಿ ಅಂಗಡಿ ಇಟ್ಟು, ಅದು ಮುಚ್ಚಿ, ಆಮೇಲೆ ಈ ಕೆಲಸ ಸಿಗುವವರೆಗೆ ನಾನು ಹೇಗಿದ್ದೆ ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅದಕ್ಕೇ ನೀನು ಇದನ್ನು ಕೇಳಬಾರದಿತ್ತು.

ಪ್ರೆಸ್ಸಿನ ವಿಷಯ ನೀನಾಗಿಯೇ ಎತ್ತಿದೆ. ಬೀಗ ತೆಗೆದು ಓಡಿಸಿದ್ದಕ್ಕೇ ಅಲ್ಲವೇನೋ ನಿನ್ನ ಕೈ ಹೋದದ್ದು? ಹಾಗಿರುವಾಗ ಬೀಗ ಹಾಕುವವರನ್ನು ಬೈಯುತ್ತೀಯ. ಮಾಡಿದವರು ಬೇಡ ಅಂದದ್ದನ್ನು ಮುಟ್ಟಬಾರದು ಅಂತ ಎಲ್ಲರಿಗಿಂತ ಮೊದಲು ನಿನಗೆ ಅರ್ಥವಾಗಬೇಕಿತ್ತು.

ತಿಲಕ್


ಹೊಸೂರಿನಿಂದ ಗುಮ್ಮಳಾಪುರದ ದಾರಿ
30 ಮೇ 2025

ತಿಲಕಣ್ಣ,

ನಾನು ಪದ್ಮಶ್ರೀ. ಫ್ಯಾಕ್ಟರಿ ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ರಸ್ತೆಯನ್ನು ಬೈಯಿರಿ. ಇವರಿಗೆ ಹೇಳದೆ ಬರೆಯುತ್ತಿದ್ದೇನೆ, ಅದಕ್ಕೂ ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ನಿಮ್ಮ ಮಾರ್ಚಿ ತಿಂಗಳ ಕಾಗದ ಬಂದ ಮೇಲೆ ಇವರು ಎಡಗೈಯಲ್ಲಿ ಬರೆಯುವುದನ್ನು ನಿಲ್ಲಿಸಿದರು. ಡಾಕ್ಟರು ಕೇಳಿದರೆ “ಬರೆಯೋಕೆ ಯಾರವ್ರೆ ಸಾರ್” ಅಂದರು. ಆ ಕಾಗದವನ್ನು ನನಗೆ ತೋರಿಸಿರಲಿಲ್ಲ. ಟಿವಿ ಹಿಂದೆ ಮಡಿಸಿ ಇಟ್ಟಿದ್ದರು, ಕಸ ಗುಡಿಸುವಾಗ ಸಿಕ್ಕಿತು. ಓದಿದೆ. ಅಣ್ಣ, ಪ್ರೆಸ್ಸಿನ ಆ ಸಾಲು ಯಾಕೆ ಬರೆದಿರಿ?

ನೀವು ಓದಿದವರು, ರಿಪೇರಿ ಬಲ್ಲವರು. ನಾನು ಲೈನಿನಲ್ಲಿ ನಿಂತು ಸ್ಕ್ರೂ ಹಾಕುವವಳು. ಆದರೂ ಇಷ್ಟು ನನಗೂ ತಿಳಿಯುತ್ತದೆ. ಪ್ರೆಸ್ಸಿನ ಕಣ್ಣು ಕೈ ಕಾಯುವುದಕ್ಕೆ ಇತ್ತು. ಅದನ್ನು ಕಟ್ಟಿದವನು ತಪ್ಪು ಮಾಡಿದ. ಈ ಪೆಟ್ಟಿಗೆಯ ಬೀಗ ಯಾರ ಕೈಯನ್ನು ಕಾಯುತ್ತಿದೆ? ಇವರು ಆಡಿದರೆ ಯಾರಿಗೆ ಏಟಾಗುತ್ತದೆ? ಎರಡನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟಿರಿ. ಅದೂ ನೀವು. ಬೇರೆಯವರು ಅಂದಿದ್ದರೆ ಇವರು ನಾಲ್ಕು ಬೈದು ಮರೆಯುತ್ತಿದ್ದರು.

ಸಾಯಂಕಾಲ ನಾನು ಮನೆಗೆ ಹೋಗುವ ಹೊತ್ತಿಗೆ ಇವರು ಆ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ. ವೈರು ಯಾವುದಕ್ಕೂ ಸೇರಿಸಿರುವುದಿಲ್ಲ. ಟಿವಿ ಆರಿರುತ್ತದೆ. ಸುಮ್ಮನೆ ಹಾರ್ನ್ ಗುಂಡಿ ಒತ್ತುತ್ತಾ ಇರುತ್ತಾರೆ, ಟಪ್ ಟಪ್ ಅಂತ. ಅತ್ತೆ ಅಡುಗೆಮನೆಯಿಂದ “ಅದ್ನ ಮಡಗ್ಲಾ, ಕಿವಿ ತೂತಾಯ್ತದೆ” ಅನ್ನುತ್ತಾರೆ. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಎರಡನ್ನೂ ನೋಡಲು ಆಗುವುದಿಲ್ಲ.

ಆಟ ತಾನೇ ಅಂತ ಬರೆದಿದ್ದಿರಿ. ಮದುವೆಯಾದ ಹೊಸದರಲ್ಲಿ ಇವರು ನನಗೆ ತೋರಿಸಿದ ಮೊದಲನೇ ಜಾಗ ಕೆರೆಯ ಬಯಲು. “ಇಲ್ಲಿಂದ ಓಡ್ಬತ್ತಿದ್ದೆ, ಅಲ್ಲಿ ತಿಲಕ ಕುಂತಿರ್ತಿದ್ದ” ಅಂತ. ನಮ್ಮ ಮದುವೆಯ ಫೋಟೋಕ್ಕಿಂತ ಆ ಕುರಿಯ ಫೋಟೋ ದೊಡ್ಡದಿದೆ ಮನೆಯಲ್ಲಿ. ಕೈ ಹೋದಾಗ ಇವರು ಅಳಲಿಲ್ಲ. ನೀವು ಆ ಮಣೆ ತಂದ ದಿನ, ಇವರು ಹಾಕಿದ ಮೊದಲನೇ ಬಾಲ್ ವಿಕೆಟ್ಟಿಗೆ ಬಡಿದಾಗ ಅತ್ತರು. ನೀವೂ ಅಲ್ಲೇ ಇದ್ದಿರಿ, ನೋಡಿದ್ದೀರಿ.

ಫೋನಿನಲ್ಲಿ ತಪ್ಪು ಮಾಡಿದವಳು ನಾನು. ಎಲ್ಲರೂ ನಗುತ್ತಾರೆ, ನಗಲಿ. ಆದರೆ ನನ್ನ ಬಾಯಿಂದ ಆದದ್ದನ್ನು ಸರಿ ಮಾಡಲು ನನಗೆ ದಾರಿ ಇಲ್ಲ, ನಿಮಗಿದೆ. ನಿಮ್ಮ ಕೆಲಸ ಹೋಗಲಿ ಅಂತ ನಾನು ಕೇಳುವುದಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ. ಇವರಿಗೆ ಒಂದು ಕಾಗದವಾದರೂ ಬರೆಯಿರಿ. ಅದನ್ನು ಕೇಳುವ ಹಕ್ಕು ತಂಗಿಗೆ ಇದೆ ಅಂದುಕೊಂಡಿದ್ದೇನೆ.

ನಿಮ್ಮ ತಂಗಿ,
ಪದ್ಮಶ್ರೀ


ಕೃಷ್ಣಗಿರಿ
2 ಜುಲೈ 2025

ವೇಣು, ಪದ್ಮಶ್ರೀ, ಇಬ್ಬರಿಗೂ,

ತಡವಾಯಿತು. ಬರೆಯುವ ಮುಂಚೆ ಮಾಡಬೇಕಾದ್ದು ಮಾಡಿ ಮುಗಿಸೋಣ ಅಂತ ಕಾದೆ.

ಪ್ರೆಸ್ಸಿನ ಸಾಲನ್ನು ನಾನು ಬರೆಯಬಾರದಿತ್ತು. ವೇಣು, ಅದಕ್ಕೆ ನೀನು ಎದುರು ಸಿಕ್ಕಾಗ ಎರಡು ಬಾರಿಸು. ಕೈ ಯಾವುದಾದರೂ ಸರಿ.

ಈಗ ಕೆಲಸದ ಮಾತು. ಆ ಸಾಲು ಬರೆದೆ. ‘ಗ್ರಾಹಕರ ಪತ್ನಿ ಕನ್ನಡದವರು, ಮಾತ್ತು ಎಂಬ ತಮಿಳು ಪದವನ್ನು ಮಾತು ಎಂದು ತಿಳಿದಿದ್ದಾರೆ, ಕನ್ಸೋಲನ್ನು ಯಾರೂ ಬಿಚ್ಚಿಲ್ಲ’ ಅಂತ. ಕಂಟ್ರೋಲರ್ ಮಾರ್ಪಾಡು ಮಾಡಿದ್ದು ಯಾರು ಅನ್ನುವ ಕಡೆ ನನ್ನ ಹೆಸರನ್ನೇ ಹಾಕಿದೆ. ಮ್ಯಾನೇಜರ್ ಕರೆದು, “ಏನಯ್ಯಾ ಇದು?” ಅಂದರು. ಅದೇ ಸಾರ್ ಅಂದೆ. ಇದೇ ಹದಿನಾಲ್ಕಕ್ಕೆ ಹೊಸೂರಿನ ಆಫೀಸಿಗೆ ಬಂದು ಉತ್ತರ ಕೊಡು ಅಂದಿದ್ದಾರೆ. ಕೊಡುತ್ತೇನೆ.

ಹುಡುಕುತ್ತಾ ಹೋದಾಗ ಒಂದು ಒಳ್ಳೆಯದೂ ಸಿಕ್ಕಿತು. ಕಂಪನಿಯ ನಿಯಮದಲ್ಲೇ ಒಂದು ವಿನಾಯಿತಿ ಇದೆ. ಅಂಗವಿಕಲರು ಡಾಕ್ಟರ ಪತ್ರ ಕೊಟ್ಟರೆ, ಅವರಿಗಾಗಿ ಮಾಡಿಸಿಕೊಂಡ ಕಂಟ್ರೋಲರನ್ನು ಒಪ್ಪಿಕೊಳ್ಳಬಹುದು. ನಮ್ಮ ಸೆಂಟರಿನಲ್ಲಿ ಇದುವರೆಗೆ ಒಬ್ಬರೂ ಕೇಳಿಲ್ಲ, ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ನಿನ್ನದಕ್ಕೆ ಮೇಲಿನಿಂದ ಹೂಂ ಅಂದಿದ್ದಾರೆ! ಪೆಟ್ಟಿಗೆಯನ್ನೂ ತೆರೆಯುತ್ತಾರೆ, ಮಣೆಯನ್ನೂ ಒಪ್ಪಿಕೊಳ್ಳುತ್ತಾರೆ. ಇಬ್ಬರೂ ಹದಿನಾಲ್ಕನೇ ತಾರೀಖು ಕೃಷ್ಣಗಿರಿಗೆ ಬನ್ನಿ. ಡಾಕ್ಟರ ಪತ್ರ, ಪೆಟ್ಟಿಗೆ, ಮಣೆ ತನ್ನಿ. ಕೌಂಟರಿನಲ್ಲಿ ಒಂದು ಸಹಿ ಹಾಕಿದರೆ ಮುಗಿಯಿತು. ನಾನು ಆವತ್ತು ಹೊಸೂರಿನಲ್ಲಿರುತ್ತೇನೆ, ಆದರೆ ಕೌಂಟರಿನ ಹುಡುಗಿಗೆ ಎಲ್ಲ ಹೇಳಿಟ್ಟಿದ್ದೇನೆ.

ಆ ಭಾನುವಾರ ನೀನು ಬೌಲ್ ಮಾಡುತ್ತೀಯ. ನಾನು ಕೀಪಿಂಗ್.

ತಿಲಕ್


ಗುಮ್ಮಳಾಪುರ
16 ಜುಲೈ 2025

ತಿಲಕ,

ಬರೆದೆಯಲ್ಲ, ಸಾಕು. ಬಾರಿಸುವುದು ಮನ್ನಾ.

ಹದಿನಾಲ್ಕಕ್ಕೆ ಹೋಗಿದ್ದೆವು. ಮಣೆಯನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಯನ್ನು ಪದ್ಮಶ್ರೀ ತೊಡೆಯ ಮೇಲೆ ಇಟ್ಟುಕೊಂಡು, ತಳಿಗೆ ಜೀಪು, ಹೊಸೂರಿಗೆ ಒಂದು ಬಸ್ಸು, ಅಲ್ಲಿಂದ ಕೃಷ್ಣಗಿರಿಗೆ ಇನ್ನೊಂದು. ಅವಳು ಹೊಸ ಸೀರೆ ಉಟ್ಟಿದ್ದಾಳೆ ಅಂತ ಬಸ್ಸಿನಲ್ಲೇ ನೋಡಿದ್ದು. ಕೇಳಿದರೆ “ಸಹಿ ಹಾಕೋ ದಿನ ಅಲ್ವಾ” ಅಂದಳು. ಸೂಳಗಿರಿ ದಾಟುವಾಗ ನಿನ್ನ ಹಳೇ ಅಂಗಡಿ ತೋರಿಸಿದೆ. ಈಗ ಅಲ್ಲಿ ಬೇಕರಿ.

ನಿಮ್ಮ ಕೌಂಟರಿನ ಹುಡುಗಿ ಒಳ್ಳೆಯವಳು. ಕೂರಿಸಿದಳು, ನೀರು ಕೊಟ್ಟಳು. ಡಾಕ್ಟರ ಪತ್ರ ಓದಿದಳು, ನನ್ನ ಕೈ ನೋಡಿದಳು, ಬೇಗ ಕಣ್ಣು ತೆಗೆದಳು. ಕಾಗದ ಮುಂದಿಟ್ಟಳು. ನಾನು ಎಡಗೈಯಲ್ಲಿ ನಿಧಾನವಾಗಿ, ಒಂದು ಕಡೆಯೂ ಗೆರೆ ದಾಟದ ಹಾಗೆ ಸಹಿ ಹಾಕಿದೆ. ಇಷ್ಟು ತಿಂಗಳಲ್ಲಿ ಹಾಕಿದ್ದರಲ್ಲೆಲ್ಲ ಒಳ್ಳೆಯ ಸಹಿ ಅದು ಕಣೋ. ಪದ್ಮಶ್ರೀ ಪಕ್ಕದಿಂದ ಬಗ್ಗಿ ನೋಡಿ “ಚೆನ್ನಾಗ್ ಬಂತು” ಅಂದಳು.

ಹುಡುಗಿ ಅದನ್ನು ಮಿಷನ್ನಿಗೆ ತೋರಿಸಿದಳು. ಮಿಷನ್ನು ಬೇಡ ಅಂದಿತು. ಇನ್ನೊಂದು ಸಲ ತೋರಿಸಿದಳು, ಇನ್ನೊಂದು ಸಲ ಬೇಡ ಅಂದಿತು. ಪೆಟ್ಟಿಗೆ ಕೊಂಡಾಗ ವಾರಂಟಿ ಕಾರ್ಡಿನಲ್ಲಿ ಬಲಗೈಯಲ್ಲಿ ಹಾಕಿದ್ದೆನಲ್ಲ, ಆ ಸಹಿಗೂ ಇದಕ್ಕೂ ತಾಳೆಯಾಗುತ್ತಿಲ್ಲವಂತೆ. ತಾಳೆ ಹೇಗಾಗುತ್ತದೆ? ಹಾಕಿದ ಬೆರಳು ಎಲ್ಲಿವೆ?

ಅವಳಿಗೂ ಗೊತ್ತಾಗುತ್ತಿತ್ತು, ಪಾಪ. ಆದರೂ ಕೇಳುವುದನ್ನು ಕೇಳಲೇಬೇಕು, ಪರದೆಯ ಮೇಲೆ ಪ್ರಶ್ನೆ ಬಂದಿತ್ತು. ತಲೆ ಎತ್ತದೆ ಕೇಳಿದಳು, “ಸಾರ್, ಕೈಯೆಳುತ್ತು ಮಾತ್ತುನೀಂಗಳಾ?” ಸಹಿ ಬದಲಾಯಿಸಿದ್ದೀರಾ ಅಂತ.

ನಾನು ಬಾಯಿ ತೆರೆಯುವುದರೊಳಗೆ ಪದ್ಮಶ್ರೀ ಎದ್ದು ನಿಂತಳು. ಮಾರ್ಚಿಯಿಂದ ತಮಿಳಿಗೆ ಬಾಯಿ ಹೊಲಿದುಕೊಂಡಿದ್ದವಳು, ಆ ಸೆಂಟರಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದಳು: “ಆಮಾಂಗ. ಕೈಯೆಳುತ್ತು ಮಟ್ಟುಂ ಇಲ್ಲೆ. ಕೈಯೇ ಮಾತ್ತಿಟ್ಟಾಂಗ.”

ಸಹಿ ಒಂದೇ ಅಲ್ಲ, ಕೈಯನ್ನೇ ಬದಲಾಯಿಸಿಬಿಟ್ಟಿದ್ದಾರೆ ಅಂತ, ಒಂದು ತಪ್ಪಿಲ್ಲದ ತಮಿಳಿನಲ್ಲಿ! ಎಲ್ಲಿ ಕಲಿತಳೋ, ಯಾವಾಗ ಕಲಿತಳೋ. ನನಗೆ ಎಷ್ಟು ಹೆಮ್ಮೆಯಾಯಿತೋ ಅಷ್ಟೇ ಸಂಕಟವಾಯಿತು.

ಹುಡುಗಿ ಕಂಪ್ಯೂಟರಿನಲ್ಲಿ ಏನನ್ನೋ ಟೈಪ್ ಮಾಡಿಕೊಂಡಳು. ಮೇಲಿನವರಿಗೆ ಕಳಿಸುತ್ತೇನೆ, ತಿಳಿಸುತ್ತಾರೆ ಅಂದಳು. ಪೆಟ್ಟಿಗೆ, ಮಣೆ ಹೊತ್ತುಕೊಂಡು ವಾಪಸ್ ಬಂದೆವು. ಇಳಿಯುವಾಗ ಅವಳು, “ಈ ಸಲ ಸರಿಯಾಗಿ ಹೇಳಿದೆ ಅಲ್ವಾ?” ಅಂದಳು. ಸರಿಯಾಗಿಯೇ ಹೇಳಿದೆ ಅಂದೆ.

ಅವರು ಏನು ತಿಳಿಸುತ್ತಾರೆ, ನಿನಗೆ ಗೊತ್ತಾದರೆ ಬರೆ. ಹೊಸೂರಿನಲ್ಲಿ ನಿನಗೇನಾಯಿತು ಅದನ್ನೂ ಬರೆ. ನಾನು ಮತ್ತೆ ದಿನಕ್ಕೊಂದು ಪುಟ ಶುರು ಮಾಡಿದ್ದೇನೆ. ಇದೇ ಸಹಿ ಹಾಕುತ್ತಿರುತ್ತೇನೆ, ನೋಡಿ ಅಭ್ಯಾಸ ಮಾಡಿಕೋ.

ವೇಣು


ಕೃಷ್ಣಗಿರಿ
3 ಆಗಸ್ಟ್ 2025

ವೇಣು,

ನನ್ನನ್ನು ತೆಗೆದಿಲ್ಲ. ಮೇಜಿನಿಂದ ಎಬ್ಬಿಸಿ ಗೋಡೌನಿಗೆ ಹಾಕಿದ್ದಾರೆ. ರಟ್ಟಿನ ಡಬ್ಬ ಎಣಿಸುವ ಕೆಲಸ. ಉಪ್ಪುನೀರು ಕುಡಿದ ಹಾಗಿದೆ, ಆದರೆ ಸಾಯುವುದಿಲ್ಲ. ನಿನ್ನದಕ್ಕೆ ಮೇಲಿನವರು ಕೊನೆಗೆ ಇಲ್ಲ ಅಂದಿದ್ದಾರೆ, ಗ್ರಾಹಕರ ನ್ಯಾಯಾಲಯಕ್ಕೆ ಹಾಕೋಣ. ವಕೀಲರನ್ನು ಕೇಳಿದೆ, ನಿಲ್ಲುತ್ತದೆ ಅಂದರು, ಬೇಗ ಅನ್ನಲಿಲ್ಲ. ಮಣೆ ಮಾಡಿದವನು ನಾನೇ ಅಂತ ಅಲ್ಲಿಯೂ ಬಂದು ಹೇಳುತ್ತೇನೆ.

ಬರುವ ಭಾನುವಾರ ಊರಿಗೆ ಬರುತ್ತೇನೆ. ಕೆರೆಯ ಬಯಲಿಗೆ ಬಾ. ಟೆನಿಸ್ ಬಾಲ್ ತರುತ್ತೇನೆ. ಎಡಗೈಯಲ್ಲಿ ಹಾಕು, ಎಲ್ಲಿ ಹಾಕಿದರೂ ಹಿಡಿಯುತ್ತೇನೆ. ಇದು ಆ ಮಣೆಗೆ ಬದಲು ಅಂತ ಅಲ್ಲ. ಮಣೆ ಬಿಡಿಸಿಕೊಳ್ಳುವವರೆಗೆ ಸುಮ್ಮನೆ ಕೂರುವುದು ಬೇಡ ಅಂತ.

ಇನ್ನೊಂದು ವಿಷಯ. ಬರೆಯುವುದೋ ಬೇಡವೋ ಅಂತ ಕೊನೆಗೆ ಇಟ್ಟುಕೊಂಡೆ. ಮೇಜು ಬಿಡುವ ಮುಂಚೆ, ನನ್ನ ಪಾಸ್‌ವರ್ಡ್ ಇನ್ನೂ ನಡೆಯುತ್ತಿದ್ದಾಗ, ಆ ಹುಡುಗಿ ಏನು ಟೈಪ್ ಮಾಡಿದಳು ಅಂತ ನೋಡಿದೆ. ಅವಳನ್ನು ಬೈಯಬೇಡ. ‘ಹೌದು’, ‘ಇಲ್ಲ’, ‘ಯಾವ ಭಾಗ’ ಅಂತ ಮೂರೇ ಖಾನೆ ಇರುವುದು. ಪದ್ಮಶ್ರೀ ಹೇಳಿದ್ದನ್ನು ಅವಳು ಅಕ್ಷರಶಃ ತುಂಬಿದ್ದಾಳೆ. ಮಿಕ್ಕದ್ದನ್ನು ಕಂಪ್ಯೂಟರೇ ಸೇರಿಸಿಕೊಂಡಿದೆ. ದಾಖಲೆ ಈಗ ಹೀಗಿದೆ:

‘ಗ್ರಾಹಕರ ಕಡೆಯವರು ನಾಲ್ಕನೆಯ ಮಾರ್ಪಾಡನ್ನೂ ಒಪ್ಪಿಕೊಂಡಿದ್ದಾರೆ. ಮಾರ್ಪಾಡು ಮಾಡಲಾದ ಭಾಗ: ಕೈ. ವಿನಾಯಿತಿ ತಿರಸ್ಕೃತ.’

ಈ ಸಲ ಅವಳು ಸರಿಯಾಗಿಯೇ ಹೇಳಿದ್ದಳು. ಅವರೂ ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ.

ನಾನು ಆ ಸಾಲನ್ನು ಅಳಿಸಲು ಹೋದೆ. ಅಳಿಯಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಲು ಹೋದೆ, ‘ಕೈ ಬದಲಾದದ್ದು ಗ್ರಾಹಕರಿಂದ ಅಲ್ಲ’ ಅಂತ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಬಂತು: ‘ಈ ದಾಖಲೆಯನ್ನು ಬದಲಾಯಿಸುವ ಅಧಿಕಾರ ನಿಮಗಿಲ್ಲ.’

ಮಾತ್ತಲು ಆಗದ್ದು ಅದೊಂದೇ ಕಣೋ.

ಭಾನುವಾರ ಸಿಗುವ,
ನಿನ್ನ ಕೀಪರ್
ತಿಲಕ್